ನಮ್ಮದು ಸಿಎಸ್‌ಐ ಅಲ್ಲ ರೀ, ಮೆಥೋಡಿಸ್ಟ್

ಮೈಸೂರಿನ ಗೆಳೆಯನೊಬ್ಬ ಕ್ರಿಸ್‌ಮಸ್ ರಜೆಗೆ ಬೀದರಿಗೆ ಬಂದಿದ್ದ. ಕೋಟೆ, ಮದರಸಾ, ಬಿದ್ರಿ ಅಂಗಡಿಗಳೆಲ್ಲ ಮುಗಿದ ಮೇಲೆ ಮಂಗಲಪೇಟ್ ಕಡೆ ಹೊರಟೆವು. ಸೇಂಟ್ ಪೌಲ್ ಚರ್ಚಿನ ಗೇಟಿನಲ್ಲಿ ಕಾಗದದ ನಕ್ಷತ್ರ ಕಟ್ಟಿಸುತ್ತಿದ್ದ ಹಿರಿಯರೊಬ್ಬರನ್ನು ಅವನು ಕೇಳಿದ: "ಇದು ಸಿಎಸ್‌ಐ ಚರ್ಚಲ್ವಾ ಸರ್?" ಸಿಎಸ್‌ಐ ಎಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ದಕ್ಷಿಣದ ಹಲವು ಪ್ರೊಟೆಸ್ಟೆಂಟ್ ಚರ್ಚುಗಳು ಕೂಡಿ ಆದದ್ದು.

"ಅಲ್ಲ ರೀ, ನಮ್ಮದು ಮೆಥೋಡಿಸ್ಟ್."

ಗೆಳೆಯ ಬಿಡಲಿಲ್ಲ. "ನಮ್ಮೂರಿನ ವೆಸ್ಲಿ ಚರ್ಚನ್ನೂ ಕಟ್ಟಿದ್ದು ಮೆಥೋಡಿಸ್ಟರೇ. ಅದು ಸಿಎಸ್‌ಐ ಆಗಿದೆಯಲ್ಲ?"

ಹಿರಿಯರು ಏಣಿ ಹಿಡಿದವನಿಗೆ ಏನೋ ಹೇಳಿ, ನಮ್ಮ ಕಡೆ ತಿರುಗಿ ನಕ್ಕರು. "ಅದು ಲಂಡನ್ನಿನವರದ್ದು. ನಮ್ಮದು ಅಮೆರಿಕದವರದ್ದು."

ಈ ಒಂದು ಮಾತನ್ನು ಬಿಡಿಸಿ ನೋಡಿದರೆ ಬೀದರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಪ್ರೊಟೆಸ್ಟೆಂಟ್ ಚರ್ಚುಗಳ ಅರ್ಧ ಚರಿತ್ರೆ ಕೈಗೆ ಬರುತ್ತದೆ. ಉಳಿದರ್ಧ ಇರುವುದು ಚರ್ಚಿನೊಳಗಲ್ಲ, ಅದರ ಸುತ್ತಲಿನ ಕಾಂಪೌಂಡಿನಲ್ಲಿ. ಎರಡನ್ನೂ ಒಂದೊಂದಾಗಿ ನೋಡೋಣ.

ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ, 1703ರಿಂದ 1791ರವರೆಗೆ ಬದುಕಿದ್ದ ಇಂಗ್ಲೆಂಡಿನ ಪಾದ್ರಿ. ಚರ್ಚಿನ ಒಳಗೆ ಕೂತು ಜನ ಬರಲಿ ಎಂದು ಕಾಯುವವನಲ್ಲ. ಕುದುರೆ ಹತ್ತಿ ಊರೂರು ತಿರುಗಿ, ಗಣಿಯ ಬಾಯಲ್ಲಿ, ಬಯಲಿನಲ್ಲಿ ನಿಂತು ಬೋಧಿಸಿದವನು. ಪ್ರಾರ್ಥನೆ, ಓದು, ಉಪವಾಸ ಎಲ್ಲಕ್ಕೂ ವೇಳೆ ಕಟ್ಟಿಕೊಂಡು ಕ್ರಮವಾಗಿ ನಡೆಯುತ್ತಾರೆಂದು ಓರಗೆಯ ವಿದ್ಯಾರ್ಥಿಗಳು ಅವನ ಗುಂಪಿಗೆ ಗೇಲಿಯಿಂದ ಇಟ್ಟ ಹೆಸರು ಮೆಥೋಡಿಸ್ಟ್. ಗೇಲಿಯೇ ಗಟ್ಟಿಯಾಗಿ ಉಳಿಯಿತು. ಅಮೆರಿಕ ಸ್ವತಂತ್ರವಾದ ಮೇಲೆ ಅಲ್ಲಿಯ ಮೆಥೋಡಿಸ್ಟರು 1784ರಲ್ಲಿ ಬೇರೆ ಮನೆ ಮಾಡಿದರು. ಬಿಷಪ್ಪರಿರುವ ಚರ್ಚು ಎಂಬ ಅರ್ಥದಲ್ಲಿ ಅದಕ್ಕೆ ಮೆಥೋಡಿಸ್ಟ್ ಎಪಿಸ್ಕೋಪಲ್ ಚರ್ಚ್ ಎಂದು ಹೆಸರಿಟ್ಟರು. ಇಂಗ್ಲೆಂಡಿನಲ್ಲಿ ಉಳಿದ ವೆಸ್ಲಿಯನ್ನರಿಗೆ ಬಿಷಪ್ಪರಿರಲಿಲ್ಲ. ಅಣ್ಣತಮ್ಮಂದಿರು ಪಾಲಾದ ಹಾಗೆ: ದೇವರ ಕೋಣೆಯ ಪದ್ಧತಿ ಒಂದೇ, ಲೆಕ್ಕದ ಪುಸ್ತಕ ಬೇರೆ.

ಇಂಗ್ಲೆಂಡಿನ ವೆಸ್ಲಿಯನ್ನರು ಮೈಸೂರು ಸಂಸ್ಥಾನಕ್ಕೆ ಬಂದರು. ನಿಜಾಮರ ಸೀಮೆಯ ತೆಲುಗು ಭಾಗಕ್ಕೂ ಹೋದರು. 1924ರಲ್ಲಿ ಪೂರ್ತಿಯಾದ ಮೆದಕ್‌ನ ಭಾರಿ ಚರ್ಚು ಅವರ ಕೆಲಸ. ಅಮೆರಿಕದವರು ಭಾರತದಲ್ಲಿ ಕಾಲಿಟ್ಟದ್ದು 1856ರಲ್ಲಿ, ಅದೂ ದೂರದ ಬರೇಲಿಯಲ್ಲಿ. ಅಲ್ಲಿಂದ ಅವರು ನಮ್ಮ ಜೋಳದ ಸೀಮೆಗೆ ಹೇಗೆ ಬಂದರು ಎನ್ನುವುದಕ್ಕೆ ಒಬ್ಬ ಮನುಷ್ಯ ಮತ್ತು ಒಂದು ರೈಲುಹಳಿ ಕಾರಣ.

ಮನುಷ್ಯನ ಹೆಸರು ವಿಲಿಯಂ ಟೇಲರ್. (ಸುರಪುರದ ಟೇಲರ್ ಮಂಜಿಲ್‌ನ ಮೆಡೋಸ್ ಟೇಲರ್ ಬೇರೆ. ಆತ ಇಂಗ್ಲಿಷ್ ಅಧಿಕಾರಿ, ಕಾದಂಬರಿಕಾರ. ಈತ ಅಮೆರಿಕದ ಬೋಧಕ. ಯಾದಗಿರಿ ಕಡೆ ಮಾತನಾಡುವಾಗ ಇಬ್ಬರನ್ನೂ ಒಂದು ಮಾಡಿಬಿಡುವವರನ್ನು ಕಂಡಿದ್ದೇನೆ.) ಕ್ಯಾಲಿಫೋರ್ನಿಯಾದಲ್ಲಿ ಬಂಗಾರದ ಹುಚ್ಚು ಹತ್ತಿದ್ದ ಕಾಲಕ್ಕೆ ಸ್ಯಾನ್‌ಫ್ರಾನ್ಸಿಸ್ಕೋ ಬೀದಿಗಳಲ್ಲಿ ನಿಂತು ಬೋಧಿಸಿದ ಟೇಲರ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಸುತ್ತಿ 1870ರಲ್ಲಿ ಭಾರತಕ್ಕೆ ಬಂದ. ಮುಂಬಯಿ, ಕಲ್ಕತ್ತಾ, ಮದ್ರಾಸು, ಬೆಂಗಳೂರುಗಳಲ್ಲಿ ಸಭೆಗಳನ್ನು ಕಟ್ಟಿದ. ಅವನದೊಂದು ಹಟವಿತ್ತು: ಅಮೆರಿಕದಿಂದ ರೊಕ್ಕ ತರಿಸಬಾರದು, ಇಲ್ಲಿಯ ಸಭೆಯೇ ತನ್ನ ಪಾದ್ರಿಯನ್ನು ಸಾಕಬೇಕು. ಹಾಗೆ ಸಾಕಬಲ್ಲವರು ಆಗ ಯಾರು? ಇಂಗ್ಲಿಷ್ ಮಾತನಾಡುವ, ತಿಂಗಳ ಪಗಾರ ಇರುವ ಜನ. ಅವರಲ್ಲಿ ಬಹಳ ಮಂದಿ ಆಂಗ್ಲೋ-ಇಂಡಿಯನ್ನರು, ರೈಲ್ವೆ ಮತ್ತು ತಾರು ಇಲಾಖೆಯವರು.

ಇಲ್ಲಿಗೆ ಹಳಿ ಬಂತು. ಮುಂಬಯಿಯಿಂದ ಸೊಲ್ಲಾಪುರ ದಾಟಿ ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿ ಮೇಲೆ ಹಾಯ್ದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ತಾಂಡೂರು, ವಿಕಾರಾಬಾದ್ ಅದರ ನಿಲ್ದಾಣಗಳು. ನಕ್ಷೆಯ ಮೇಲೆ ಈ ಎರಡು ಗೆರೆಗಳನ್ನು ಎಳೆದು, ಅಮೆರಿಕನ್ ಮೆಥೋಡಿಸ್ಟರ ಹಳೆಯ ಠಾಣೆಗಳಿಗೆ ಚುಕ್ಕೆ ಇಡುತ್ತ ಹೋಗಿ. ಕಲಬುರಗಿ, ಯಾದಗಿರಿ, ತಾಂಡೂರು, ವಿಕಾರಾಬಾದ್: ಚುಕ್ಕೆಗಳೆಲ್ಲ ಗೆರೆಯ ಮೇಲೇ ಬಂದು ಕೂರುತ್ತವೆ. ಬೀದರ ಒಂದೇ ಗೆರೆ ಬಿಟ್ಟು, ಎತ್ತರದಲ್ಲಿ ಒಂಟಿ. ಅಲ್ಲಿಗೆ ಬಂಡಿಯ ಹಾದಿ. ಕಲಬುರಗಿಯಿಂದ ಬೀದರಿಗೆ ನೇರ ರೈಲು ಓಡಿದ್ದು 2017ರಲ್ಲಿ ಎನ್ನುವುದು ನಮಗೆಲ್ಲ ಗೊತ್ತಿರುವ ನೋವು.

1876ರಲ್ಲಿ ದಕ್ಷಿಣ ಭಾರತದ ಸಭೆಗಳನ್ನೆಲ್ಲ ಕೂಡಿಸಿ ಸೌತ್ ಇಂಡಿಯಾ ಕಾನ್ಫರೆನ್ಸ್ ಎಂಬ ಆಡಳಿತ ಘಟಕ ಮಾಡಿದರು. ಅದರ ಮುಂದಿನ ದಶಕಗಳಲ್ಲಿ ಮಿಷನರಿಗಳು ರೈಲ್ವೆ ಕ್ವಾರ್ಟರ್ಸ್ ಬಿಟ್ಟು ಕನ್ನಡ, ತೆಲುಗು, ಹಿಂದುಸ್ತಾನಿ ಕಲಿತು ಹಳ್ಳಿಗಳಿಗೆ ಹೊರಟರು. ಗುಲ್ಬರ್ಗಾದಲ್ಲಿ ಹೀಗೆ ಕನ್ನಡದ ಕೆಲಸಕ್ಕೆ ಇಳಿದವರಲ್ಲಿ ಡಿ. ಓ. ಅರ್ನ್ಸ್‌ಬರ್ಗರ್ ಮುಖ್ಯರು. ಕನ್ನಡ ಬೈಬಲ್ ಹೊಸದಾಗಿ ಮಾಡಬೇಕಾದ ಕೆಲಸವಿರಲಿಲ್ಲ; ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ (ಇದು ವೆಸ್ಲಿಯನ್ನರದ್ದಲ್ಲ, ಇಂಗ್ಲೆಂಡಿನದೇ ಬೇರೊಂದು ಸಂಸ್ಥೆ) ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೇ ಪೂರ್ತಿ ಬೈಬಲ್ ಕನ್ನಡಕ್ಕೆ ತಂದಿದ್ದರು. ಆದರೆ ಆ ಪುಸ್ತಕದ ಕನ್ನಡಕ್ಕೂ ಇಲ್ಲಿಯ ಓಣಿಯ ಕನ್ನಡಕ್ಕೂ ಎಷ್ಟು ದೂರ ಎಂದು ನಮಗೆ ಯಾರೂ ಹೇಳಬೇಕಿಲ್ಲ.

ಮಿಷನ್‌ಗಳು ಒಬ್ಬರ ಹೊಲದಲ್ಲಿ ಇನ್ನೊಬ್ಬರು ಬಿತ್ತಬಾರದೆಂದು ಸೀಮೆ ಹಂಚಿಕೊಂಡಿದ್ದವು. ಕರಾವಳಿ ಮತ್ತು ಧಾರವಾಡ ಬಾಸೆಲ್ ಮಿಷನ್ನಿಗೆ, ಬಳ್ಳಾರಿ ಲಂಡನ್ ಮಿಷನ್ನಿಗೆ, ಮೈಸೂರು ವೆಸ್ಲಿಯನ್ನರಿಗೆ, ನಮ್ಮ ಕಡೆ ಅಮೆರಿಕದವರಿಗೆ. ಹಂಚಿಕೆ ಒಮ್ಮೊಮ್ಮೆ ಕೈ ಬದಲಾಗುತ್ತಿತ್ತು. 1904ರಲ್ಲಿ ಲಂಡನ್ ಮಿಷನ್ ತನ್ನ ಬೆಳಗಾವಿ ಕೆಲಸವನ್ನು ಅಮೆರಿಕನ್ ಮೆಥೋಡಿಸ್ಟರಿಗೆ ಬಿಟ್ಟುಕೊಟ್ಟಿತು. ಆದ್ದರಿಂದಲೇ ಬೆಳಗಾವಿಯಲ್ಲೂ ಬೀದರಿನಲ್ಲೂ ಒಂದೇ ಬೋರ್ಡು.

ಈಗ ಗೆಳೆಯನ ಪ್ರಶ್ನೆಗೆ ಬರೋಣ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಇಂಗ್ಲೆಂಡ್ ಮೂಲದ ಮೆಥೋಡಿಸ್ಟರು, ಲಂಡನ್ ಮಿಷನ್ ಮೊದಲಾದವು ಸೇರಿದ್ದ ದಕ್ಷಿಣ ಭಾರತ ಸಂಯುಕ್ತ ಸಭೆ, ಮೂರೂ ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಆದವು. ಮೈಸೂರು, ಬಳ್ಳಾರಿ ಒಳಗೆ ಹೋದವು. ಅಮೆರಿಕನ್ ಮೆಥೋಡಿಸ್ಟರು ಹೋಗಲಿಲ್ಲ. ಅವರ ಚರ್ಚು ದಕ್ಷಿಣಕ್ಕೆ ಸೀಮಿತವಾಗಿರಲಿಲ್ಲ, ಬರೇಲಿ, ಲಖನೌದಿಂದ ಕೋಲಾರದವರೆಗೆ ಒಂದೇ ಸಂಸಾರ; ಜೊತೆಗೆ ಅಮೆರಿಕದಲ್ಲಿರುವ ಜಾಗತಿಕ ಜನರಲ್ ಕಾನ್ಫರೆನ್ಸಿನ ಅಂಗ. ಮುಂದೆ ಉತ್ತರ ಭಾರತದ ಚರ್ಚುಗಳು ಕೂಡಿ 1970ರಲ್ಲಿ ಚರ್ಚ್ ಆಫ್ ನಾರ್ತ್ ಇಂಡಿಯಾ ಆಗುವಾಗ, ವರ್ಷಗಟ್ಟಲೆ ಮಾತುಕತೆಯಲ್ಲಿ ಕೂತಿದ್ದ ಮೆಥೋಡಿಸ್ಟರು ಕೊನೆಯ ಗಳಿಗೆಗೆ ಹಿಂದೆ ಸರಿದರು. ಅಕ್ಷತೆ ಹಾಕುವ ಹೊತ್ತಿಗೆ ಮಂಟಪ ಬಿಟ್ಟು ಎದ್ದ ಹಾಗೆ. 1981ರಲ್ಲಿ ಅವರು ಅಮೆರಿಕದ ಆಡಳಿತದಿಂದ ಬೇರೆಯಾಗಿ ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂಬ ಸ್ವಾಯತ್ತ ಚರ್ಚಾದರು.

ಹೀಗೆ ಹೆಸರು ಎರಡು ಸಲ ಬದಲಾಗಿರುವುದು ಕಟ್ಟಡ ನೋಡುವವರಿಗೆ ಒಂದು ಉಪಕಾರ ಮಾಡಿದೆ. ಹಳೆಯ ಕಲ್ಲಿನಲ್ಲಿ ಮೆಥೋಡಿಸ್ಟ್ ಎಪಿಸ್ಕೋಪಲ್ ಅಥವಾ ಬರೀ ಎಂ.ಇ. ಎಂದು ಕೆತ್ತಿದ್ದರೆ ಆ ಕಲ್ಲು ಸಾಮಾನ್ಯವಾಗಿ 1939ಕ್ಕಿಂತ ಹಿಂದಿನದು. ಆ ವರ್ಷ ಅಮೆರಿಕದಲ್ಲಿ ಮೂರು ಮೆಥೋಡಿಸ್ಟ್ ಶಾಖೆಗಳು ಒಂದಾಗಿ ಎಪಿಸ್ಕೋಪಲ್ ಎಂಬ ಪದ ಹೆಸರಿನಿಂದ ಬಿತ್ತು. ಮೆಥೋಡಿಸ್ಟ್ ಚರ್ಚ್ ಇನ್ ಸದರನ್ ಏಷ್ಯಾ ಎಂದಿದ್ದರೆ 1939ರಿಂದ 1981ರ ನಡುವಿನದು. ಇನ್ ಇಂಡಿಯಾ ಎಂದಿದ್ದರೆ ಅದರ ಈಚಿನದು. ಕೆತ್ತಿದ ಕಲ್ಲಿಗೆ ಮಾತ್ರ ಈ ಲೆಕ್ಕ, ಬಣ್ಣದ ಬೋರ್ಡಿಗಲ್ಲ. ಬೋರ್ಡು ಕ್ರಿಸ್‌ಮಸ್ಸಿಗೊಮ್ಮೆ ಹೊಸದಾಗುತ್ತದೆ. ಹಾಗೆಯೇ ಎಲ್ಲಾದರೂ ಸೆಂಟೆನರಿ ಎಂಬ ಹೆಸರು ಕಂಡರೆ ಆ ಸಭೆಗೇ ನೂರು ತುಂಬಿತ್ತೆಂದು ತಿಳಿಯುವ ಅವಸರ ಬೇಡ. ಅಮೆರಿಕದ ಮೆಥೋಡಿಸ್ಟರು ತಮ್ಮ ಮಿಷನರಿ ಸೊಸೈಟಿಯ ಶತಮಾನೋತ್ಸವವನ್ನು 1919ರಲ್ಲಿ ಆಚರಿಸಿ, ದೇಶವಿದೇಶದ ಕೆಲಸಕ್ಕೆಂದು ದೊಡ್ಡ ನಿಧಿ ಎತ್ತಿದ್ದರು. ಹೆಸರು ಅದರದ್ದೂ ಆಗಿರಬಹುದು. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಯನ್ನೇ ನೋಡಿ. ಊರವರು ಅದನ್ನು ಯಾರೋ ದೊರೆಯ ಹೆಸರೆಂದು ತಿಳಿಯುತ್ತಾರೆ. ಅದು ಅಮೆರಿಕದ ಟೆನೆಸ್ಸಿ ರಾಜ್ಯದ ಪೂರ್ವಭಾಗದ ಮೆಥೋಡಿಸ್ಟ್ ಕಾನ್ಫರೆನ್ಸಿನ ಹೆಸರು, ಅಲ್ಲಿ ಹರಿಯುವ ನದಿಯಿಂದ ಬಂದದ್ದು. ಅಮೆರಿಕದ ರೊಕ್ಕವೇ ಬೇಡ ಎಂದಿದ್ದ ಟೇಲರನ ಸಭೆಗಳ ಮಗ್ಗುಲಲ್ಲೇ ಅಮೆರಿಕದ ಊರೂರಿನ ಕಾಣಿಕೆಯಿಂದ ಕಟ್ಟಡಗಳು ಎದ್ದವು. ಹಳ್ಳಿಯ ಬಡವರ ಸಭೆಗಳಿಗೆ ಅವನ ಹಟ ಹೊಂದುವಂತಿರಲಿಲ್ಲ.

ಇನ್ನು ಕಾಂಪೌಂಡು. ಚರ್ಚಿನ ಚರಿತ್ರೆ ಎಂದಾಗ ನಾವು ಮೊದಲು ಹುಡುಕುವುದು ಚರ್ಚಿನ ಅಡಿಗಲ್ಲನ್ನು. ನನ್ನ ಅನುಭವದಲ್ಲಿ ಅದು ದಾರಿ ತಪ್ಪಿಸುತ್ತದೆ. ಮಿಷನ್ ಕಾಂಪೌಂಡಿನಲ್ಲಿ ಚರ್ಚು ಹೆಚ್ಚಾಗಿ ತಡವಾಗಿ ಹುಟ್ಟಿದ ಮಗು. ಮೊದಲು ಬಾಡಿಗೆಯ ಒಂದು ಮನೆ ಅಥವಾ ಬೇವಿನ ಮರದ ನೆರಳು, ಆಮೇಲೆ ಬಂಗಲೆ, ಆಮೇಲೆ ಸಾಲಿ ಮತ್ತು ಬೋರ್ಡಿಂಗು, ಆಮೇಲೆ ದವಾಖಾನಿ. ಭಾನುವಾರದ ಆರಾಧನೆ ಇಷ್ಟೂ ವರ್ಷ ಸಾಲಿಯ ಕೋಣೆಯಲ್ಲೇ ನಡೆಯುತ್ತದೆ. ಜನ ಹೆಚ್ಚಿ ಕೋಣೆ ಸಾಲದಾದಾಗ ಚರ್ಚಿಗೆ ಅಡಿಗಲ್ಲು. ಆ ಕಲ್ಲಿನ ಇಸವಿಯನ್ನೇ ಸಭೆ ಹುಟ್ಟಿದ ಇಸವಿ ಎಂದುಕೊಂಡರೆ ಒಂದು ತಲೆಮಾರನ್ನೇ ಕಳೆದುಕೊಂಡಂತೆ.

ಸಾಲಿ ಏಕೆ ಮೊದಲು? ಸಭೆ ಸೇರಿದವರು ಯಾರೆಂದು ನೋಡಿದರೆ ಉತ್ತರ ಸಿಗುತ್ತದೆ. ಬೀದರ, ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಕ್ರೈಸ್ತರಾದವರಲ್ಲಿ ಬಹುಪಾಲು ಮಾದಿಗ, ಹೊಲೆಯ ಕೇರಿಗಳವರು. ಒಬ್ಬೊಬ್ಬರಾಗಿ ಬಂದದ್ದಕ್ಕಿಂತ ಕುಲದ ಹಿರಿಯರು ಕೂತು ಮಾತಾಡಿ ಕೇರಿಗೆ ಕೇರಿಯೇ ಬಂದದ್ದು ಹೆಚ್ಚು. ಊರ ಬಾವಿ, ಗುಡಿ, ಸಾಲಿ ಮೂರೂ ಮುಚ್ಚಿದ್ದ ಮಕ್ಕಳಿಗೆ ಅಕ್ಷರದ ಬಾಗಿಲು ತೆರೆದದ್ದು ಇಲ್ಲಿ. ನಿಜಾಮರ ಆಡಳಿತದ ಭಾಷೆ ಉರ್ದು. ಸರಕಾರಿ ಸಾಲಿ ಊರಿಗೊಂದು ಇರುವ ಮಾತೇ ಇರಲಿಲ್ಲ. ಮಿಷನ್ನಿನ ಹೆಣ್ಣುಮಕ್ಕಳ ಬೋರ್ಡಿಂಗುಗಳನ್ನು ನಡೆಸಿದ್ದು 1869ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಒಂದು ಮಹಿಳಾ ಮಿಷನರಿ ಸಂಘ. ಅದರ ನಿಧಿ, ಅದರ ಲೆಕ್ಕ, ಅದರ ಕಟ್ಟಡ ಎಲ್ಲ ಬೇರೆ. ಅದಕ್ಕೇ ಹಳೆಯ ಕಾಂಪೌಂಡುಗಳಲ್ಲಿ ಬಂಗಲೆಗಳೂ ಎರಡಿರುವುದುಂಟು: ಒಂದು ಪಾದ್ರಿ ಸಾಹೇಬರ ಸಂಸಾರಕ್ಕೆ, ಇನ್ನೊಂದು ಮದುವೆಯಾಗದೆ ಬಂದ ಮಿಸ್‌ಸಾಬ್‌ಗಳಿಗೆ.

ಕಟ್ಟಿದ ಕಲ್ಲು ಊರಿನದೇ. ಈ ಮೂರು ಊರು ಮೂರು ಬಗೆಯ ನೆಲದ ಮೇಲೆ ಕೂತಿವೆ. ಬೀದರ ಕೆಂಪು ಜಂಬಿಟ್ಟಿಗೆಯ ದಿನ್ನೆ. ಆ ಕಲ್ಲು ನೆಲದೊಳಗಿದ್ದಾಗ ಮೆತ್ತಗೆ, ಕೊಡಲಿಯಿಂದ ಕಡಿದು ತೆಗೆಯಬಹುದು. ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ, ಮೈತುಂಬ ತೂತು. ಕಲಬುರಗಿಯದು ಕರಿಕಲ್ಲು, ಅದರ ಆಗ್ನೇಯಕ್ಕೆ ಶಹಾಬಾದ್, ವಾಡಿ ಕಡೆ ಸುಣ್ಣದಕಲ್ಲಿನ ಪದರ. ಶಹಾಬಾದಿ ಫರಸಿ ಎಂದು ದೇಶವೆಲ್ಲ ಕೊಳ್ಳುವುದು ಅದನ್ನೇ, ಸಿಮೆಂಟು ಫ್ಯಾಕ್ಟರಿಗಳು ಬಂದದ್ದೂ ಅದಕ್ಕೇ. ಯಾದಗಿರಿಗೆ ಹೋದರೆ ಕೋಟೆ ಹೊತ್ತ ಗ್ರಾನೈಟ್ ಗುಡ್ಡ. ಹೊರದೇಶದ ಧರ್ಮ ಎಂದು ಬೈಯುವವರು ಒಮ್ಮೆ ಹಳೆಯ ಮಿಷನ್ ಕಟ್ಟಡದ ನೆಲದ ಮೇಲೆ ಬರಿಗಾಲಲ್ಲಿ ನಿಂತು ನೋಡಬೇಕು. ಕಾಲಿಗೆ ತಣ್ಣಗೆ ಹತ್ತುವುದು ತಮ್ಮ ಪಡಸಾಲೆಯದೇ ಫರಸಿ.

ನಿಜವಾದ ತೊಡಕು ಇದ್ದದ್ದು ಚಾವಣಿಯಲ್ಲಿ. ನಮ್ಮ ಕಡೆಯ ಮನೆ ಮಾಳಿಗೆ ಮನೆ: ತೊಲೆ, ಜಂತಿ, ಅದರ ಮೇಲೆ ಹಲಗೆ ಅಥವಾ ಫರಸಿ, ಮೇಲೆ ಮಣ್ಣು. ಬಿಸಿಲಿಗೆ ಇದಕ್ಕಿಂತ ತಂಪು ಇನ್ನೊಂದಿಲ್ಲ. ಆದರೆ ಒಂದು ತೊಲೆ ಎಷ್ಟು ಉದ್ದವೋ ಕೋಣೆಯ ಅಗಲ ಅಷ್ಟೇ. ಹೆಚ್ಚು ಬೇಕೆಂದರೆ ನಡುವೆ ಕಂಬ ನಿಲ್ಲಿಸಬೇಕು. ಮಸೀದಿ, ದೇವಸ್ಥಾನಗಳಿಗೆ ಕಂಬ ತೊಡಕಲ್ಲ. ಮೆಥೋಡಿಸ್ಟ್ ಆರಾಧನೆಗೆ ತೊಡಕು. ಅಲ್ಲಿ ನಡುಕೇಂದ್ರ ಬೋಧನೆ. ಕೂತ ಎಲ್ಲರಿಗೂ ಪೀಠದ ಮೇಲಿನ ಮುಖ ಕಾಣಬೇಕು, ಮಾತು ಕೇಳಬೇಕು. ಹಾಗಾಗಿ ಮರದ ಅಥವಾ ಕಬ್ಬಿಣದ ತ್ರಿಕೋನದ ಕೈಂಚಿ ನಿಲ್ಲಿಸಿ, ಮೇಲೆ ಇಳಿಜಾರು ಹೆಂಚು ಅಥವಾ ತಗಡು ಹೊದಿಸಿದರು. ಕೈಂಚಿ ಭಾರವನ್ನು ಎರಡೂ ಗೋಡೆಗೆ ಹಂಚುತ್ತದೆ, ನಡುವೆ ಕಂಬ ಬೇಡ. ಮಾಳಿಗೆಗಳ ಊರಿನಲ್ಲಿ ಚೂಪಾದ ಇಳಿಜಾರು ಚಾವಣಿ ದೂರದಿಂದಲೇ ಕಾಣುತ್ತಿತ್ತು. ಬಹಳ ಮಂದಿ ಅದನ್ನು ಪಾಶ್ಚಾತ್ಯ ಶೋಕಿ ಎನ್ನುತ್ತಾರೆ. ಶೋಕಿಯೂ ಇದ್ದೀತು, ಆದರೆ ಅದಕ್ಕೊಂದು ಕೆಲಸವೂ ಇದೆ.

ಬೀದರಿನಲ್ಲಿ ಕಮಾನಿನ ಮಾತು ಬೇರೆ. ಚರ್ಚಿನ ಕಿಟಕಿಗೆ ಮೊನೆಯುಳ್ಳ ಕಮಾನು ಬೇಕೆಂದರೆ ಇಲ್ಲಿಯ ಗೌಂಡಿಗೆ ಅದು ಹೊಸದೇನಲ್ಲ. 1472ರ ಮಹಮೂದ್ ಗವಾನ್ ಮದರಸಾ ಅವನ ಮುತ್ತಜ್ಜಂದಿರ ಕಣ್ಣ ಮುಂದೆಯೇ ಇತ್ತು. ಆದರೆ ಎರಡೂ ಕಮಾನು ಒಂದೇ ಅಲ್ಲ. ಯುರೋಪಿನ ಗೋಥಿಕ್ ಕಮಾನು ಬುಡದಿಂದಲೇ ಕಡಿದಾಗಿ ಏರಿ ಈಟಿಯ ಹಾಗೆ ಕೂಡುತ್ತದೆ. ದಖನಿ ಕಮಾನು ಭುಜದಲ್ಲಿ ತುಂಬಿಕೊಂಡು, ಆಮೇಲೆ ನಿಧಾನ ಬಾಗಿ ತುದಿ ಮುಟ್ಟುತ್ತದೆ. ಈ ಕಡೆಯ ಯಾವ ಹಳೆಯ ಚರ್ಚಿಗೆ ಹೋದರೂ ಕಿಟಕಿಯ ಭುಜವನ್ನು ನೋಡಿ. ನಕ್ಷೆ ಸಾಹೇಬರದೋ, ಕೈ ಗೌಂಡಿಯದೋ ಎಂಬ ಜಗಳ ಅಲ್ಲಿ ನಡೆದಿರುತ್ತದೆ.

ಒಳಗೆ ಹೋದರೆ ಮೂರ್ತಿ ಇಲ್ಲ, ಶಿಲುಬೆ ಇದೆ. ಮುಂದೆ ಬೋಧನಾಪೀಠ, ಪವಿತ್ರ ಭೋಜನದ ಮೇಜು, ಅದರ ಮುಂದೆ ಜನ ಮೊಣಕಾಲೂರಿ ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳುವ ಮರದ ಕಟಾಂಜನ. ಶಿಶುಗಳಿಗೂ ದೀಕ್ಷಾಸ್ನಾನ ಕೊಡುವ ಪದ್ಧತಿಯಾದ್ದರಿಂದ ಮುಳುಗುವ ತೊಟ್ಟಿ ಬೇಕಿಲ್ಲ, ಒಂದು ಬಟ್ಟಲು ಸಾಕು. ಸುಗ್ಗಿ ಹಬ್ಬದ ದಿನ ಇದೇ ಕಟಾಂಜನದ ಮುಂದೆ ಜೋಳದ ತೆನೆ, ತೊಗರಿ, ಕುಂಬಳಕಾಯಿ, ಕೋಳಿ ಬಂದು ಬೀಳುತ್ತವೆ. ಆಮೇಲೆ ಅಂಗಳದಲ್ಲಿ ಸವಾಲು. ಎಷ್ಟೋ ಹಳ್ಳಿ ಚರ್ಚಿನ ತಗಡಿಗೆ ರೊಕ್ಕ ಹೀಗೆ ಬಂದದ್ದು.

ಚರ್ಚು ಯಾರದು ಎಂಬ ಪ್ರಶ್ನೆಗೆ ಸಭೆಯವರು ನಮ್ಮದು ಎನ್ನುತ್ತಾರೆ. ಕಾಗದದ ಮಾತು ಬೇರೆ. ಮೆಥೋಡಿಸ್ಟ್ ವ್ಯವಸ್ಥೆಯಲ್ಲಿ ಆಸ್ತಿ ಆಯಾ ಊರಿನ ಸಭೆಯದಲ್ಲ. ಇಡೀ ಚರ್ಚಿನ ಪರವಾಗಿ ಮೇಲಿನ ಮಂಡಳಿಯೊಂದು ಅದನ್ನು ವಿಶ್ವಸ್ತವಾಗಿ ಹಿಡಿದಿರುತ್ತದೆ. ಪಾದ್ರಿಯೂ ಊರಿನವರಲ್ಲ. ಕಾನ್ಫರೆನ್ಸ್ ಕೂಡಿದಾಗ ಬಿಷಪ್ಪರು ನೇಮಕದ ಪಟ್ಟಿ ಓದುತ್ತಾರೆ, ಹೆಸರು ಬಂದ ಊರಿಗೆ ಪಾದ್ರಿ ಗಂಟುಮೂಟೆ ಕಟ್ಟಬೇಕು. ನಡುವೆ ಜಿಲ್ಲೆಯ ಮೇಲ್ವಿಚಾರಕರು, ಎಲ್ಲರೂ ಕರೆಯುವಂತೆ ಡಿ.ಎಸ್. ಸಾಬ್. ವೆಸ್ಲಿ ಕುದುರೆ ಮೇಲೆ ತಿರುಗಿದ್ದರ ಉಳಿಕೆ ಇದು. ಇದರ ಒಳಿತೆಂದರೆ ಒಬ್ಬ ಪಾದ್ರಿ ಚರ್ಚನ್ನು ತನ್ನ ಮನೆ ಮಾಡಿಕೊಳ್ಳುವುದಿಲ್ಲ. ಕೆಡುಕೆಂದರೆ ಕಟ್ಟಡದ ನೆನಪು ಯಾರ ತಲೆಯಲ್ಲೂ ಉಳಿಯುವುದಿಲ್ಲ. ಸೋರುವ ಮೂಲೆ ಗೊತ್ತಾಗುವ ಹೊತ್ತಿಗೆ ವರ್ಗ. ನೆನಪು ಉಳಿದಿದ್ದರೆ ರಿಜಿಸ್ಟರುಗಳಲ್ಲಿ: ದೀಕ್ಷಾಸ್ನಾನ, ಮದುವೆ, ಸಮಾಧಿ. ಯಾವ ದಫ್ತರಿನಲ್ಲೂ ತಮ್ಮ ಹೆಸರು ಬರೆಸಿಕೊಳ್ಳದಿದ್ದ ಮನೆತನಗಳಿಗೆ ಅಜ್ಜಿಯ ಹೆಸರು, ಹಳ್ಳಿ, ತಾರೀಖು ಸಿಗುವುದು ಆ ನೀಲಿ ಶಾಯಿಯ ಸಾಲುಗಳಲ್ಲೇ. ನನ್ನ ಕೇಳಿದರೆ ಗಂಟೆಗೋಪುರಕ್ಕಿಂತ ಮೊದಲು ಅವನ್ನು ಗೆದ್ದಲಿನಿಂದ ಉಳಿಸಬೇಕು.

ಈಗ ಹಳೆಯ ಚರ್ಚುಗಳನ್ನು ಕೆಡವಿ ಆರ್‌ಸಿಸಿ ಕಟ್ಟುವ ಕಾಲ. ಜನ ಹೆಚ್ಚಾದರೆ ಜಾಗ ಬೇಕು, ಅದರಲ್ಲಿ ತಕರಾರಿಲ್ಲ. ಕೆಡವದೆ ಕೆಡಿಸುವುದನ್ನು ನೋಡಿದರೆ ಮಾತ್ರ ಸಂಕಟ. ಜಂಬಿಟ್ಟಿಗೆಯ ಗೋಡೆ ಉಸಿರಾಡುವ ಗೋಡೆ. ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಗಚ್ಚು ಅದಕ್ಕೆ ಅಡ್ಡ ಬರುವುದಿಲ್ಲ. ಅದರ ಮೇಲೆ ಸಿಮೆಂಟು ಗಿಲಾವು ಬಳಿದು ಎಣ್ಣೆಬಣ್ಣ ಹೊಡೆದರೆ ನೀರು ಒಳಗೇ ಸಿಕ್ಕಿಬೀಳುತ್ತದೆ. ಕೆಲವೇ ಮಳೆಗಾಲದಲ್ಲಿ ಬಣ್ಣ ಗುಳ್ಳೆ ಏಳುತ್ತದೆ, ಗಿಲಾವು ಹಪ್ಪಳದಂತೆ ಕಳಚುತ್ತದೆ, ಕಲ್ಲು ಪುಡಿಯಾಗುತ್ತದೆ. ಆಮೇಲೆ ಕಟ್ಟಡ ಹಳತಾಯಿತು, ಕೆಡವಿ ಎಂಬ ಠರಾವು. ಸುಣ್ಣ ಅರೆದು ಬಳಿಯಬಲ್ಲ ಕೈಗಳು ಬೀದರಿನಲ್ಲಿ ಇನ್ನೂ ಇವೆ, ಕೋಟೆಯ ದುರಸ್ತಿಗೆ ಅವರನ್ನು ಕರೆಯುತ್ತಾರೆ. ಚರ್ಚಿಗೂ ಕರೆಯಬಹುದು.

ಇಷ್ಟೆಲ್ಲ ಕಲ್ಲು, ಚಾವಣಿ ಎಂದು ಬರೆದ ಮೇಲೆ ಒಂದು ಮಾತು ಹೇಳಲೇಬೇಕು. ಈ ಸೀಮೆಯ ಮೆಥೋಡಿಸ್ಟರ ಅತಿ ದೊಡ್ಡ ಕೂಟಕ್ಕೆ ಕಟ್ಟಡದ ಹಂಗಿಲ್ಲ. ಅದು ನವೆಂಬರಿನಲ್ಲಿ ವಿಕಾರಾಬಾದಿನ ಹತ್ತಿರ ಧಾರೂರಿನ ಕಾಡಿನಲ್ಲಿ ನಡೆಯುವ ಜಾತ್ರೆ. ಹೌದು, ಜಾತ್ರೆ ಎಂದೇ ಹೆಸರು. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಕಲಬುರಗಿ ಜಿಲ್ಲೆಯ ತಾಂಡೂರು, ಬೀದರ ಜಿಲ್ಲೆಯ ಜಹೀರಾಬಾದ್ ಆಚೆಗೆ ಹೋದವು, ನೆಂಟಸ್ತಿಕೆ ಹೋಗಲಿಲ್ಲ. ಹಿಂದೆ ಬಂಡಿ ಕಟ್ಟಿಕೊಂಡು ಹೋಗಿ ಮರದಡಿ ಬಿಡಾರ ಹೂಡುತ್ತಿದ್ದರು. ಈಗ ಜೀಪು, ಟ್ರ್ಯಾಕ್ಟರು, ಬಸ್ಸು. ರೈಲಿನಲ್ಲಿ ಹೋಗುವವರೂ ಇದ್ದಾರೆ. ವಾಡಿಯಿಂದ ಹೊರಟ ಪ್ಯಾಸೆಂಜರು ತಾಂಡೂರು ದಾಟಿ ಧಾರೂರಿನಲ್ಲಿ ನಿಲ್ಲುತ್ತದೆ. 1874ರ ಅದೇ ಹಳಿ.